ಕಾಳು ಕೇಳಿದರೆ ಕಾಲು!

1853ರಲ್ಲಿ ಜರ್ಮನಿಯ ಫರ್ಡಿನೆಂಡ್ ಕಿಟೆಲ್ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಕನ್ನಡನಾಡಿಗೆ ಬಂದಾಗ ಅವರಿಗಿನ್ನೂ ಇಪ್ಪತ್ತೊಂದು ವರ್ಷ. ಈಗಿನ ಮಕ್ಕಳು ಡಿಗ್ರಿ ಮುಗಿಸುವ ವಯಸ್ಸು!

ಜರ್ಮನ್ ನಾಲಿಗೆಗೆ ನಮ್ಮ ‘ಳ’ಕಾರ ಸುಲಭದ ತುತ್ತಲ್ಲ. ‘ಲ’ ಎನ್ನುವಾಗ ನಾಲಿಗೆಯ ತುದಿ ಹಲ್ಲಿನ ಬುಡಕ್ಕೆ ತಾಗುತ್ತದೆ. ‘ಳ’ ಎನ್ನಲು ಅದೇ ತುದಿ ಹಿಂದಕ್ಕೆ ಮಡಚಿ ಅಂಗುಳನ್ನು ಮುಟ್ಟಬೇಕು. ಮಡಚದಿದ್ದರೆ ಫಜೀತಿ. ಚಿಟಗುಪ್ಪದ ಕಿರಾಣಿ ಅಂಗಡಿಗೆ ಹೋಗಿ ಯಾರಾದರೂ “ಎರಡು ಕಿಲೋ ಕಾಲು ಕೊಡ್ರಿ” ಎಂದರೆ, ಅಂಗಡಿಯವರು ಮಟನ್ ಅಂಗಡಿಯ ದಾರಿ ತೋರಿಸಿಯಾರು! ಆ ತರುಣ ಪಾದ್ರಿ ಇಂಥ ಎಷ್ಟು ನಗೆ ಸಹಿಸಿದರೋ. ಯಾರಾದರೂ ನಕ್ಕಾರೆಂದು ಇಂಗ್ಲಿಷ್ ತಾಸಿನಲ್ಲಿ ಬಾಯಿ ಮುಚ್ಚಿ ಕೂರುವ ಹುಡುಗರು ಇದನ್ನು ಕೇಳಬೇಕು.

ಜನರ ನಡುವೆ ಜನರಂತೆಯೇ ಇರಬೇಕೆಂದು ಕಿಟೆಲ್ ಊರೂರು ನಡೆದೇ ತಿರುಗಿದರು. ಅದು ಮಿಷನ್ನಿನ ಹಿರಿಯರಿಗೆ ಹಿಡಿಸಲಿಲ್ಲ. ಪರದೇಶಕ್ಕೆ ಬಂದು ತನ್ನವರಿಗೇ ಬೇಡವಾಗುವುದು ಎಂಥ ಸಂಕಟ! ಆದರೂ ಅವರು ಮಾತು ಕೇಳುವುದನ್ನು, ಬರೆದುಕೊಳ್ಳುವುದನ್ನು ಬಿಡಲಿಲ್ಲ.

1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಯಿತು. ಸುಮಾರು 70,000 ಶಬ್ದಗಳು. ಅದರಲ್ಲಿ ‘ಕಾಲು’ ಬೇರೆ, ‘ಕಾಳು’ ಬೇರೆ.