ಲಿಪಿಕಾರನ ಬೆನ್ನುನೋವು

ನಲವತ್ತು ದಾಟಿದ ಮೇಲೆ ವಿದ್ಯಾರ್ಥಿಯಾಗುವುದೆಂದರೆ ಮದುವೆಮನೆಗೆ ಎರಡನೆಯ ಪಂಕ್ತಿಯೂ ಎದ್ದ ಮೇಲೆ ಹೋದಂತೆ. ಊಟವೇನೋ ಸಿಕ್ಕುತ್ತದೆ, ಬಡಿಸುವವರ ಮುಖದಲ್ಲಿ ಮಾತ್ರ ‘ಇಷ್ಟು ಹೊತ್ತು ಎಲ್ಲಿದ್ದಿರಿ?’ ಎಂಬ ಪ್ರಶ್ನೆ ಇರುತ್ತದೆ. ನನ್ನ ಬಳಿ ಬಿ.ಎ. ಓದಿದ ಹುಡುಗರಲ್ಲಿ ಇಬ್ಬರು ಈಗಾಗಲೇ ಹೆಸರಿನ ಹಿಂದೆ ‘ಡಾ.’ ಹಚ್ಚಿಕೊಂಡಿದ್ದಾರೆ. ದಾರಿಯಲ್ಲಿ ಸಿಕ್ಕಾಗ ನಮಸ್ಕಾರವೇನೋ ಮಾಡುತ್ತಾರೆ. ಆದರೆ ‘ಸಾರ್, ಪಿಎಚ್.ಡಿ. ಎಲ್ಲಿಗೆ ಬಂತು?’ ಎಂದು ಅವರು ಕೇಳುವ ದನಿಯಿದೆಯಲ್ಲ, ಅದು ‘ಸಂಧಿಪ್ರಕರಣ ಓದಿಕೊಂಡು ಬಂದೆಯೇನಯ್ಯ?’ ಎಂದು ಒಂದು ಕಾಲದಲ್ಲಿ ನಾನು ಅವರನ್ನು ಕೇಳುತ್ತಿದ್ದ ದನಿಯೇ.

ಈ ವಯಸ್ಸಿನಲ್ಲಿ ಇದೇಕೆ ಎನ್ನುವವರಿಗೆ ಎರಡು ಉತ್ತರಗಳಿವೆ. ಸಹ ಪ್ರಾಧ್ಯಾಪಕನಾಗಿ ಬಡ್ತಿ ಪಡೆಯಬೇಕಾದರೆ ಪಿಎಚ್.ಡಿ. ಇರಲೇಬೇಕೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮ ಹೇಳುತ್ತದೆ. ಇದು ಲೋಕ ಒಪ್ಪುವ ಉತ್ತರ. ಇನ್ನೊಂದು ಉತ್ತರವನ್ನು ಹೇಳಲು ಸ್ವಲ್ಪ ಸಂಕೋಚ: ನನಗೆ ಈ ವಿಷಯ ಇಷ್ಟ. ನಾನು ನೋಂದಾಯಿಸಿಕೊಂಡದ್ದು 2021ರಲ್ಲಿ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ ಎಂಬುದು ಕಟ್ಟಳೆ. ಆ ಲೆಕ್ಕದಲ್ಲಿ 2027ಕ್ಕೆ ನನ್ನ ಗಡಿಯಾರ ನಿಲ್ಲುತ್ತದೆ.

ದಿನಚರಿಯನ್ನು ಕೇಳುವಿರಾದರೆ ಅದರಲ್ಲಿ ವೀರರಸವೇನೂ ಇಲ್ಲ. ನಾಲ್ಕೂವರೆಗೆ ಏಳುತ್ತೇನೆ. ಮೈಸೂರಿನಲ್ಲಿ ಆ ಹೊತ್ತಿಗೆ ಎಚ್ಚರವಾಗಿರುವವರು ಹಾಲಿನವರು, ಪತ್ರಿಕೆ ಹಾಕುವ ಹುಡುಗರು, ನನ್ನಂಥವರು. ಏಳರವರೆಗೆ ಮೇಜಿನ ಮುಂದೆ. ಆಮೇಲೆ ಸ್ನಾನ, ತಿಂಡಿ, ಕಾಲೇಜು, ಮೂರು ತರಗತಿ. ತರಗತಿಗಿಂತ ಹೆಚ್ಚು ಹೊತ್ತು ತಿನ್ನುವ ನಮೂನೆಗಳ ಭರ್ತಿ. ಮೂರು ಗಂಟೆಗೆ ಬಿಡುವಾದ ದಿನ ಹಸ್ತಪ್ರತಿ ಭಂಡಾರಕ್ಕೆ ಹೋಗಿ, ಹುಲ್ಲೆಣ್ಣೆಯ ವಾಸನೆಯ ನಡುವೆ ಒಂದು ಓಲೆಕಟ್ಟನ್ನು ಬಿಚ್ಚಿ ಕೂರುತ್ತೇನೆ. ಆರು ತಿಂಗಳಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಂತು ಪ್ರಗತಿ ಒಪ್ಪಿಸಬೇಕು. ಸಮಿತಿಯಲ್ಲಿ ನನಗಿಂತ ಚಿಕ್ಕವರೊಬ್ಬರಿದ್ದಾರೆ. ಅವರು ‘ಕೂತ್ಕೊಳ್ಳಿ ಸಾರ್’ ಎಂದು ಮರ್ಯಾದೆಯಿಂದ ಹೇಳುತ್ತಾರೆ. ಆಮೇಲೆ ಕೇಳುವ ಪ್ರಶ್ನೆಗಳಲ್ಲಿ ಆ ಮರ್ಯಾದೆ ಇರುವುದಿಲ್ಲ. ಇರಬಾರದು ಕೂಡ.

ನನ್ನ ವಿಷಯ ಲಿಪಿಕಾರರು; ಎಂದರೆ ನಮ್ಮ ಕಾವ್ಯಗಳನ್ನು ಓಲೆಯಿಂದ ಓಲೆಗೆ ಪ್ರತಿಮಾಡಿದ ಜನ. ಪಂಪ ರನ್ನರು ತಾವೇ ಬರೆದ ಓಲೆಯನ್ನು ಕಂಡವರು ನಮ್ಮಲ್ಲಿ ಯಾರೂ ಇಲ್ಲ. ನಾವು ಕಂಡಿರುವುದೆಲ್ಲ ಪ್ರತಿಯ ಪ್ರತಿಯ ಪ್ರತಿ. ನಡುವೆ ಕುಳಿತು ಬರೆದವನೊಬ್ಬ ಬೇಸರಪಟ್ಟು ಎದ್ದುಹೋಗಿದ್ದರೆ ಕಾವ್ಯವೇ ಎದ್ದುಹೋಗುತ್ತಿತ್ತು. ಇಂಥವನಿಗೆ ತನ್ನ ಮಾತನ್ನು ಆಡಲು ದೊರೆಯುತ್ತಿದ್ದ ಜಾಗ ಒಂದೇ: ಗ್ರಂಥ ಮುಗಿದ ಮೇಲೆ ಉಳಿದ ಗೇಣುದ್ದದ ಓಲೆ. ಅಲ್ಲಿ ಸಂವತ್ಸರ, ಮಾಸ, ತಿಥಿ ಬರೆಯುತ್ತಾನೆ. ತನಗಾಗಿಯೂ ಪರೋಪಕಾರಕ್ಕಾಗಿಯೂ ಬರೆದೆನೆನ್ನುತ್ತಾನೆ. ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಿ ಎನ್ನುತ್ತಾನೆ. ಬೆನ್ನು ಮುರಿದುಹೋಯಿತು, ಕತ್ತು ಬಗ್ಗಿಹೋಯಿತು, ಇಷ್ಟು ಕಷ್ಟಪಟ್ಟದ್ದನ್ನು ಎಣ್ಣೆನೀರು ತಾಗದಂತೆ ಕಾಪಾಡಿ ಎಂದು ಬೇಡುವ ಸಂಪ್ರದಾಯವೂ ಇದೆ. ಇದಕ್ಕೆ ಪುಷ್ಪಿಕೆ ಎಂದು ಹೆಸರು. ಅಂಥ 640 ಪುಷ್ಪಿಕೆಗಳನ್ನು ನಾನು 2008ರಿಂದ, ಎಂದರೆ ಡಿಗ್ರಿಯ ಯೋಚನೆ ಬರುವ ಬಹಳ ಮೊದಲಿನಿಂದ, ಗುರುತುಹಾಕಿಕೊಂಡು ಬಂದಿದ್ದೇನೆ. ಮೊದಲು ಚೀಟಿಗಳಲ್ಲಿ, ಆಮೇಲೆ ಮನೆಯ ಕಂಪ್ಯೂಟರಿನಲ್ಲಿ.

ಆ ಕಂಪ್ಯೂಟರು ಕಳೆದ ಮಳೆಗಾಲದಲ್ಲಿ ಟಕ್ ಟಕ್ ಎನ್ನಲು ತೊಡಗಿತು. ನಮ್ಮ ಹಳೆಯ ಹೆಂಚಿನ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಶಕುನ ಕೇಳುತ್ತಿದ್ದೆವು. ಇದು ಯಾವ ಶಕುನವೆಂದು ಹೇಳಲು ಪಂಚಾಂಗ ಬೇಕಾಗಲಿಲ್ಲ. ಡಿಪ್ಲೊಮಾ ಓದುತ್ತಿರುವ ನನ್ನ ಮಗಳು ಕಿವಿಗೊಟ್ಟು ಕೇಳಿ, ‘ಅಪ್ಪಾ, ಡಿಸ್ಕ್ ಹೋಗ್ತಾ ಇದೆ. ಇವತ್ತೇ ಎಲ್ಲಾ ತೆಗೆದಿಟ್ಟುಕೊಳ್ಳಿ’ ಎಂದಳು. ಆ ರಾತ್ರಿಯೇ ಕಡತಗಳನ್ನೆಲ್ಲ ಒಂದು ಪುಟ್ಟ ಪೆಟ್ಟಿಗೆಗೆ ವರ್ಗಾಯಿಸಿದಳು. ಮೂರನೆಯ ದಿನ ಡಿಸ್ಕು ಮೌನವ್ರತ ಹಿಡಿಯಿತು.

ಹೊಸದನ್ನು ಅಂಗಡಿಯಿಂದ ಸಿದ್ಧವಾಗಿ ತರುವುದೋ, ಬಿಡಿಭಾಗ ತಂದು ಮನೆಯಲ್ಲೇ ಜೋಡಿಸುವುದೋ ಎಂಬ ಚರ್ಚೆ ಎದ್ದಿತು. ಜೋಡಿಸಿದರೆ ಅದೇ ದುಡ್ಡಿಗೆ ಒಳ್ಳೆಯ ಸಾಮಾನು ಬರುತ್ತದೆ, ಮುಂದೆ ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು ಎಂದು ಮಗಳ ವಾದ. ದುಡ್ಡು ಎಲ್ಲಿಂದ ಎಂಬುದು ನನ್ನ ವಾದ. ಮನೆಗೆ ಬಣ್ಣ ಹೊಡೆಸಲೆಂದು ಎತ್ತಿಟ್ಟಿದ್ದ ಗಂಟೊಂದು ಇತ್ತು. ಅದನ್ನು ಬಾಯಿಬಿಟ್ಟು ಕೇಳುವ ಧೈರ್ಯ ನನಗಿರಲಿಲ್ಲ. ನಮ್ಮಾಕೆ ತಾನಾಗಿಯೇ, ‘ಬಣ್ಣ ಬರುವ ವರ್ಷ ಹೊಡೆಸಿದರಾಯಿತು. ಗೋಡೆಗೇನು ಆರು ವರ್ಷದ ಗಡುವಿಲ್ಲವಲ್ಲ. ನಿಮಗಿದೆ’ ಎಂದಳು. ಸಮಿತಿಯವರ ಯಾವ ಮಾತೂ ನನ್ನನ್ನು ಅಷ್ಟು ಎಚ್ಚರಿಸಿರಲಿಲ್ಲ.

ಹೀಗಾಗಿ ಒಂದು ಶನಿವಾರ ತಂದೆ ಮಗಳು ಇಬ್ಬರೂ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಹಿಂದೆ ನಾನು ಹಳೆಯ ಪುಸ್ತಕಕ್ಕಾಗಿ ಅವೆನ್ಯೂ ರಸ್ತೆಯ ಪಾದಚಾರಿ ದಾರಿಯಲ್ಲಿ ಅಲೆದವನು. ಎಸ್.ಪಿ. ರೋಡು ಅದಕ್ಕೆ ದೂರವೇನಲ್ಲ, ಗುಣದಲ್ಲೂ ದೂರವಲ್ಲ. ಅದೇ ಇಕ್ಕಟ್ಟು, ಅದೇ ಗಲಾಟೆ, ಅದೇ ಚೌಕಾಸಿ. ಅಂಗಡಿಯವರು ಚೀಟಿಯ ಮೇಲೆ ಸರಸರನೆ ಬೆಲೆ ಗೀಚಿಕೊಡುತ್ತಾರೆ. ಮಗಳು ಆ ಚೀಟಿಯನ್ನು ಪಕ್ಕದಂಗಡಿಗೆ ಹಿಡಿದುಕೊಂಡು ಹೋಗುತ್ತಾಳೆ. ಯಾವ ಪ್ರೊಸೆಸರಿಗೆ ಯಾವ ಮದರ್‌ಬೋರ್ಡು ಒಗ್ಗುತ್ತದೆ, ಯಾವುದಕ್ಕೆ ಎಂಥ ರ್ಯಾಮು ಕೂರುತ್ತದೆ ಎಂದು ಅವಳು ಹೇಳುತ್ತಿದ್ದುದನ್ನು ಕೇಳಿದಾಗ ನನಗೆ ಜಾತಕ ಕೂಡಿಸುವ ಜೋಯಿಸರ ನೆನಪಾಯಿತು. ವ್ಯತ್ಯಾಸವಿಷ್ಟೆ: ಇಲ್ಲಿ ಜಾತಕ ಕೂಡದಿದ್ದರೆ ಯಾವ ಶಾಂತಿಯೂ ನಡೆಯುವುದಿಲ್ಲ, ಯಂತ್ರ ಏಳುವುದೇ ಇಲ್ಲ.

ಭಾನುವಾರ ನಡುಮನೆಯಲ್ಲಿ ಚಾಪೆ ಹಾಸಿ ಜೋಡಣೆಗೆ ಕುಳಿತೆವು. ಯಾವುದನ್ನಾದರೂ ಮುಟ್ಟುವ ಮೊದಲು ಲೋಹದ ಪೆಟ್ಟಿಗೆಯನ್ನೊಮ್ಮೆ ಮುಟ್ಟಬೇಕೆಂದು ಮಗಳ ಅಪ್ಪಣೆ. ಮೈಯಲ್ಲಿ ಕೂಡಿಕೊಂಡ ವಿದ್ಯುತ್ತಿನ ಕಿಡಿ ಈ ಸೂಕ್ಷ್ಮ ಭಾಗಗಳನ್ನು ಸುಡಬಹುದಂತೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮಾಕೆ, ‘ಮಡಿ ಅಂದರೆ ನಗುತ್ತಿದ್ದಿರಿ, ಈಗ ಇದೇನು?’ ಎಂದಳು. ಪ್ರೊಸೆಸರಿನ ಮೂಲೆಯಲ್ಲಿ ಚಿನ್ನದ ಬಣ್ಣದ ಪುಟ್ಟ ತ್ರಿಕೋನವಿರುತ್ತದೆ. ಅದನ್ನು ಹಲಗೆಯ ಮೇಲಿನ ಗುರುತಿಗೆ ಹೊಂದಿಸಿ ಇಟ್ಟರೆ ಸಾಕು, ಒತ್ತಬಾರದು. ಅದು ತನ್ನ ಭಾರಕ್ಕೆ ತಾನೇ ಕೂರಬೇಕು. ಅದರ ಮೇಲೆ ಕಡಲೆಕಾಳಿನಷ್ಟು ಬೂದುಬಣ್ಣದ ಅಂಟನ್ನಿಟ್ಟು ಬಿಸಿ ಹೀರುವ ಫ್ಯಾನನ್ನು ಬಿಗಿದಳು. ರ್ಯಾಮಿನ ಪಟ್ಟಿ ಎರಡು ಬದಿಯಲ್ಲೂ ಟಪ್ಪೆಂದು ಕಚ್ಚಿಕೊಂಡಿತು. ಬಳಿಕ ಕೂದಲೆಳೆಯಂಥ ತಂತಿಗಳನ್ನು ಅವುಗಳ ಮೊಳೆಗಳಿಗೆ ಸಿಕ್ಕಿಸುವ ಕೆಲಸ. ನನ್ನ ಕನ್ನಡಕಕ್ಕೆ ಅದು ಎಟುಕದು; ಟಾರ್ಚು ಹಿಡಿಯುವ ಗೌರವ ನನ್ನ ಪಾಲಿಗೆ ಬಂತು. ಸಂಜೆ ಐದಕ್ಕೆ ಗುಂಡಿ ಒತ್ತಿದಳು. ಫ್ಯಾನು ತಿರುಗಿತು, ತೆರೆ ಬೆಳಗಿತು. ಮನೆಯವರೆಲ್ಲ ಕಾಫಿ ಕುಡಿದೆವು.

ನಿಜವಾದ ಪರೀಕ್ಷೆ ಇದ್ದದ್ದು ಕಾಫಿಯ ನಂತರ. ತೆಗೆದಿಟ್ಟಿದ್ದ ಕಡತಗಳಲ್ಲಿ ಒಂದನ್ನು ತೆರೆದೆ. ಕನ್ನಡದ ಒಂದಕ್ಷರವೂ ಇಲ್ಲ! ಇಂಗ್ಲಿಷ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಫ್ರೆಂಚರ ಕೊಂಬುಗಳು, ನಡುನಡುವೆ ಇಂಗ್ಲೆಂಡಿನ ಪೌಂಡಿನ ಗುರುತು. ‘ಕನ್ನಡ’ ಎಂದು ಬರೆದಿದ್ದ ಕಡೆಯಲ್ಲೂ ಪೌಂಡು! ಹದಿನೇಳು ವರ್ಷದ ದುಡಿಮೆ ವಿದೇಶೀ ವಿನಿಮಯದ ಪಟ್ಟಿಯಂತೆ ಕಾಣುತ್ತಿತ್ತು. ಎದೆ ಧಸಕ್ಕೆಂದಿತು.

ಸಂಗತಿ ಇಷ್ಟು. ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಸ್ವಂತ ಮನೆ ವ್ಯವಹಾರದಲ್ಲಿ ದೊರೆಯುವ ಮೊದಲು, ನಮ್ಮ ಅಕ್ಷರಗಳು ಇಂಗ್ಲಿಷಿನ ಮನೆಗಳಲ್ಲಿ ಬಾಡಿಗೆಗಿದ್ದವು. 1998ರಲ್ಲಿ ಬಂದ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದ ನಮ್ಮಂಥವರು ಕನ್ನಡ ಬೆರಳಚ್ಚು ಕಲಿತದ್ದು. ಆ ಉಪಕಾರ ಮರೆಯುವಂಥದಲ್ಲ. ಆದರೆ ಆ ಹಳೆಯ ಕಡತಗಳಲ್ಲಿ ಯಂತ್ರ ಒಳಗೆ ಬರೆದಿಟ್ಟುಕೊಳ್ಳುತ್ತಿದ್ದುದು ಪರಭಾಷೆಯ ಗುರುತನ್ನೇ. ಮೇಲೆ ಕನ್ನಡದ ಅಚ್ಚನ್ನು ಹೊದಿಸಿ ತೋರಿಸುತ್ತಿತ್ತು. ಆ ಅಚ್ಚಿಲ್ಲದ ಹೊಸ ಯಂತ್ರದಲ್ಲಿ ಹೊದಿಕೆ ಜಾರಿಬಿದ್ದಿತ್ತು. ಎಲ್ಲ ಭಾಷೆಗಳಿಗೂ ಪ್ರತ್ಯೇಕ ಮನೆ ಕೊಡುವ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಕೇರಿಯೊಂದು ಮೀಸಲಾಗಿತ್ತು. ಆದರೆ ನಾವು ಆ ಕೇರಿಗೆ ಒಕ್ಕಲು ಹೋದದ್ದು ಬಹಳ ತಡವಾಗಿ.

ಮಗಳು ಹಳೆಯ ಅಚ್ಚನ್ನು ಹಾಕಿಕೊಟ್ಟಳು. ಬರಹ ಮರಳಿ ಕನ್ನಡವಾಯಿತು. ಆದರೂ ಅದನ್ನು ಯೂನಿಕೋಡಿಗೆ ಬದಲಿಸಿಡದಿದ್ದರೆ ಹುಡುಕಲು, ಹೋಲಿಸಲು ಬಾರದು. ಮುಂದಿನವರಿಗೆ ಓದಲೂ ಸಿಕ್ಕದು. ಬದಲಿಸುವ ತಂತ್ರಾಂಶಗಳಿವೆ, ಕ್ಷಣದಲ್ಲಿ ಕೆಲಸ ಮುಗಿಸುತ್ತವೆ. ಆದರೆ ಹಳೆಯ ಪದ್ಧತಿಯಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕುಳಿತಿರುತ್ತವೆ, ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಲ್ಲಿ. ‘ಸೂರ್ಯ’ ಎನ್ನುವಾಗ ನಾಲಗೆ ರೇಫವನ್ನು ಮೊದಲು ಹೇಳುತ್ತದೆ. ಕೈ ಅರ್ಕಾವೊತ್ತನ್ನು ಕೊನೆಗೆ ಬರೆಯುತ್ತದೆ. ಇಂಥ ಕಡೆ ತಂತ್ರಾಂಶ ಎಡವಿದರೆ ಯಾರಿಗೂ ತಿಳಿಯುವುದಿಲ್ಲ. ತಿಳಿಯಬೇಕಾದರೆ ಒಬ್ಬ ಮನುಷ್ಯ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಓದಬೇಕು. ದಿನಕ್ಕೆ 20ರಂತೆ 640 ಪುಷ್ಪಿಕೆಗಳಿಗೆ 32 ಬೆಳಗುಗಳು. ನಡುವೆ ಜ್ವರವೂ ಪರೀಕ್ಷೆಯ ಮೌಲ್ಯಮಾಪನವೂ ಸೇರಿ ಅದು ಎರಡು ತಿಂಗಳಾಯಿತು.

ಆ ಎರಡು ತಿಂಗಳಲ್ಲಿ ಮಹಾಪ್ರಬಂಧದ ಒಂದು ಪುಟವೂ ಮುಂದೆ ಸಾಗಲಿಲ್ಲ. ಸಮಿತಿಯ ಮುಂದೆ ‘ಪ್ರಗತಿ: ಇದ್ದದ್ದನ್ನು ಇದ್ದಂತೆ ಉಳಿಸಿಕೊಂಡಿದ್ದೇನೆ’ ಎಂದು ಒಪ್ಪಿಸಿದರೆ ಯಾರು ಮೆಚ್ಚುತ್ತಾರೆ? ಆದರೆ ನಸುಕಿನಲ್ಲಿ ಬೆನ್ನು ನೋಯಿಸಿಕೊಂಡು ಕುಳಿತಾಗ ನನಗೊಂದು ಮಾತು ಹೊಳೆಯಿತು. ಇಷ್ಟು ವರ್ಷ ನಾನು ಲಿಪಿಕಾರರ ವಿಷಯವಾಗಿ ಓದುತ್ತಿದ್ದೆ; ಈಗ ಅವರ ಸಾಲಿನಲ್ಲಿ ಕುಳಿತಿದ್ದೆ. ಕಂಟ ಹೋಗಿ ಕೀಲಿಮಣೆ ಬಂದಿದೆ, ಬೆನ್ನು ಮಾತ್ರ ಅದೇ.

ಅವರ ತಪ್ಪುಗಳ ಬಗೆಗೂ ನನ್ನ ಮನಸ್ಸು ಮೃದುವಾಯಿತು. ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವಿದೆಯಷ್ಟೆ. ಕಾಲಕ್ರಮದಲ್ಲಿ ಅದು ನಾಲಗೆಯಿಂದ ಜಾರಿತು. ಲಿಪಿಕಾರರು ಅದರ ಜಾಗದಲ್ಲಿ ‘ಳ’ ಬರೆದರು. ಅವರ ಅಜ್ಞಾನಕ್ಕೆ ನಾವು ಪಂಡಿತರು ನಗುವುದುಂಟು. ಈಗ ಯೂನಿಕೋಡಿನ ಪಟ್ಟಿಯನ್ನು ನೋಡಿ. ಜಗತ್ತಿನ ತಜ್ಞರು ಸೇರಿ ಮಾಡಿದ ಆ ಪಟ್ಟಿಯಲ್ಲಿ ‘ೞ’ಕಾರಕ್ಕೆ ಬಿದ್ದಿರುವ ಅಧಿಕೃತ ಹೆಸರು ‘ಫ’! ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅಲ್ಲಿಯ ನಿಯಮ. ಆದ್ದರಿಂದ ತಪ್ಪು ಹೆಸರು ಹಾಗೆಯೇ ನಿಂತಿದೆ, ಸರಿಯಾದದ್ದು ತಿದ್ದುಪಡಿಯಾಗಿ ಪಕ್ಕದಲ್ಲಿದೆ. ಓಲೆಯ ಪಾಠವನ್ನು ಮೇಲೆ ಉಳಿಸಿ ಅಡಿಯಲ್ಲಿ ಶುದ್ಧಪಾಠ ಕೊಡುವ ನಮ್ಮ ಸಂಪಾದಕರ ಕ್ರಮವೇ ಅದೂ. ಪ್ರತಿಮಾಡುವ ಕೈ ಎಲ್ಲಿದ್ದರೂ ಕೈಯೇ.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ನಾವು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇವೆ. ಮಕ್ಕಳು ಪ್ರತಿವರ್ಷ ಬರೆದುಕೊಳ್ಳುತ್ತಾರೆ. ಆ ಸಾವಿರದ ಅರ್ಥ ನನಗೆ ಈಗ ಚೆನ್ನಾಗಿ ಆಗಿದೆ. ಒಂದು ಪ್ರತಿ ಬೆಂಕಿಗೆ, ಒಂದು ಗೆದ್ದಲಿಗೆ, ಒಂದು ನೀರಿಗೆ ಎಂದು ಲೆಕ್ಕ ಹಾಕಿಯೇ ಕೊಡಬೇಕು, ಉಳಿದದ್ದು ನಮಗೆ. ಹೊಸ ಯಂತ್ರದ ನೆನಪಿನ ಬಿಲ್ಲೆಯನ್ನು ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಅದರೊಳಗಿನದು ಸೋರಿಹೋಗಬಹುದಂತೆ. ಅಟ್ಟದ ಮೇಲೆ ಯಾರೂ ಮುಟ್ಟದೆ ಶತಮಾನಗಳನ್ನು ಕಳೆದ ಓಲೆಕಟ್ಟುಗಳನ್ನು ನಾನು ಬಿಚ್ಚಿದ್ದೇನೆ. ಈ ಬಿಲ್ಲೆಗೆ ಅಷ್ಟು ತಾಳ್ಮೆಯಿಲ್ಲ. ಯಂತ್ರ ಹೊಸದಾದಷ್ಟೂ ಲಿಪಿಕಾರನ ಸರದಿ ಬೇಗಬೇಗ ಬರುತ್ತದೆ. ಮಗಳು ನನ್ನ ಕಡತಗಳ ಮೂರು ಪ್ರತಿ ಮಾಡಿ, ಒಂದನ್ನು ತನ್ನ ಅಜ್ಜಿಯ ಮನೆಯಲ್ಲಿಟ್ಟಿದ್ದಾಳೆ. ಸಾವಿರಕ್ಕೆ ಇನ್ನು 997 ಬಾಕಿ.

ಮಹಾಪ್ರಬಂಧ ಈಗ ಮತ್ತೆ ನಡೆದಿದೆ. 2027ರೊಳಗೆ ಮುಗಿಯಬೇಕು; ಮುಗಿದೀತು. ಗೋಡೆಗಳು ಹಳೆಯ ಬಣ್ಣದಲ್ಲೇ ಕಾಯುತ್ತಿವೆ. ಕೃತಜ್ಞತೆಯ ಪುಟಕ್ಕೆ ವಿಶ್ವವಿದ್ಯಾನಿಲಯದಲ್ಲಿ ಒಂದು ಮಾದರಿಯುಂಟು: ಮಾರ್ಗದರ್ಶಕರು, ಗ್ರಂಥಾಲಯದವರು, ಬೆರಳಚ್ಚು ಮಾಡಿದವರು, ಕುಟುಂಬ. ಅದನ್ನೆಲ್ಲ ಕ್ರಮವಾಗಿ ಬರೆಯುತ್ತೇನೆ. ಅದರ ಕೆಳಗೆ ಗೇಣುದ್ದ ಜಾಗ ಉಳಿದರೆ ಸಂವತ್ಸರ, ಮಾಸ, ತಿಥಿ ಹಾಕಿ, ಬೆನ್ನಿನ ಸಮಾಚಾರವನ್ನೂ ಒಂದು ಸಾಲಿನಲ್ಲಿ ತಿಳಿಸಬೇಕೆಂದಿದ್ದೇನೆ. ಪರೀಕ್ಷಕರು ಆಕ್ಷೇಪಿಸಿದರೆ ಆಕ್ಷೇಪಿಸಲಿ. 640 ಜನರ ಸಾಕ್ಷ್ಯ ನನ್ನ ಕಡೆಗಿದೆ.