ಬಾಣ, ಸಮ, ಬಾಣ: ಈ ಗುರುತಿಗೆ ಹೆಸರಿಟ್ಟವರು ಯಾರು?

ಆಫೀಸಿನಲ್ಲಿ ಪಟ್ಟಿ ಮಾಡೋ ಕೆಲಸ ಇರೋರಿಗೆಲ್ಲ ಇದು ಗೊತ್ತು. ಎಕ್ಸೆಲ್‌ನಲ್ಲಿ ಕ್ರಮಸಂಖ್ಯೆಗಳು ಅಂಕಿಯಾಗಿ ಕೂರದೆ ಅಕ್ಷರವಾಗಿ ಕೂತುಬಿಟ್ಟರೆ, ಸಾರ್ಟ್ ಒತ್ತಿದ ತಕ್ಷಣ 1 ಆದಮೇಲೆ 10, 11, 12 ಬರುತ್ತೆ. ಪಾಪ, 2 ಎಲ್ಲೋ ಕೆಳಗೆ ಹೋಗಿ ಬಿದ್ದಿರುತ್ತೆ. ಜ್ಯೇಷ್ಠತಾ ಪಟ್ಟಿಯಲ್ಲಿ ಹೀಗಾದರೆ ಏನಾಗುತ್ತೆ ಅಂತ ಕೇಳಬೇಡಿ. ಮಷಿನ್ನಿಗೆ ಬುದ್ಧಿ ಇಲ್ಲ ಅಂತ ಬೈತೀವಿ. ಆದರೆ ಯಾವುದನ್ನ ಯಾವ ಅಳತೆಯಲ್ಲಿ ಹೋಲಿಸಬೇಕು ಅಂತ ಅದಕ್ಕೆ ಯಾರಾದರೂ ಹೇಳಬೇಕಲ್ಲ.

ನಾನು ಬಿಎ ಓದಿದ ಗುಮಾಸ್ತ, ಪ್ರೋಗ್ರಾಮರ್ ಅಲ್ಲ. ಭಾನುವಾರ ನಮ್ಮ ಓದಿನ ಮನೆಗೆ ಬರೋ ಹುಡುಗರು ಪಿಎಚ್‌ಪಿ ಕಲೀತಿದ್ದಾರೆ. ಅವರ ಪುಸ್ತಕದಲ್ಲಿ <=> ಅಂತ ಒಂದು ಗುರುತು ಇತ್ತು. ಎಡಕ್ಕೊಂದು ಬಾಣ, ನಡುವೆ ಸಮ, ಬಲಕ್ಕೊಂದು ಬಾಣ. "ಅಣ್ಣ, ಇದಕ್ಕೆ ಸ್ಪೇಸ್‌ಶಿಪ್ ಅಂತಾರೆ, ಯಾಕೆ?" ಅಂತ ಒಬ್ಬ ಕೇಳಿದ. ಹೆಸರಿನ ವಿಷಯ ಬಂದರೆ ನಾನು ಸುಮ್ಮನಿರೋನಲ್ಲ. ಹುಡುಕಿದೆ.

ಈ ಗುರುತು ಹೆಸರಾದದ್ದು ಪರ್ಲ್ ಅನ್ನೋ ಭಾಷೆಯಿಂದ. ಲ್ಯಾರಿ ವಾಲ್ ಅದನ್ನ 1987ರಲ್ಲಿ ಬಿಡುಗಡೆ ಮಾಡಿದರು. ರಾಶಿ ರಾಶಿ ಬರಹ ಸೋಸಿ ವರದಿ ತಯಾರಿಸೋದು ಅದರ ಮುಖ್ಯ ಕೆಲಸ, ಒಂಥರಾ ಗುಮಾಸ್ತರ ಭಾಷೆ ಅನ್ನಿ. ಮೇಲೆ ಹೇಳಿದ ಒಂದು-ಹತ್ತರ ತೊಂದರೆಗೆ ಅಲ್ಲಿ ಎರಡು ಬೇರೆ ಬೇರೆ ಹೋಲಿಕೆಗಳಿವೆ. ಅಕ್ಷರಗಳಿಗೆ ಸಿಎಂಪಿ, ಅಂಕಿಗಳಿಗೆ ಈ ಬಾಣ-ಸಮ-ಬಾಣ. ಎಡಗಡೆಯದು ಚಿಕ್ಕದಾದರೆ -1, ಎರಡೂ ಒಂದೇ ಆದರೆ 0, ಎಡಗಡೆಯದು ದೊಡ್ಡದಾದರೆ 1 ಅಂತ ಉತ್ತರ ಕೊಡುತ್ತೆ. ಲಕ್ಷ ಹೆಸರಿನ ಪಟ್ಟಿ ಇದ್ದರೂ ಸಾರ್ಟ್ ಕೇಳೋದು ಇದೊಂದೇ ಪ್ರಶ್ನೆ: ಇವೆರಡರಲ್ಲಿ ಯಾವುದು ಮುಂದೆ? ಎಡ-ಬಲ ಅದಲುಬದಲು ಮಾಡಿದರೆ ಇಡೀ ಪಟ್ಟಿ ತಲೆಕೆಳಗು.

ಉಪಾಯವೇನೂ ಹೊಸದಲ್ಲ. 1957ರ ಫೋರ್ಟ್ರಾನ್‌ನಲ್ಲೇ ಲೆಕ್ಕದ ಉತ್ತರ ಸೊನ್ನೆಗಿಂತ ಕಮ್ಮಿಯೋ, ಸೊನ್ನೆಯೋ, ಜಾಸ್ತಿಯೋ ನೋಡಿ ಮೂರು ದಾರಿ ಹಿಡಿಯೋ ವ್ಯವಸ್ಥೆ ಇತ್ತು. ಹೊಸದು ಹೆಸರು. ಪರ್ಲ್ ಕಲಿಸುತ್ತಾ, ಅದರ ಬಗ್ಗೆ ಪುಸ್ತಕ ಬರೆದ ರ‍್ಯಾಂಡಲ್ ಶ್ವಾರ್ಟ್ಜ್ ಅವರಿಗೆ ಈ ಗುರುತು ನೋಡಿ ಹಳೇ ಆಟವೊಂದು ನೆನಪಾಯ್ತಂತೆ. ಎಚ್‌ಪಿ ಕಂಪ್ಯೂಟರಿನ ಬೇಸಿಕ್ ಭಾಷೆಯಲ್ಲಿದ್ದ ಸ್ಟಾರ್ ಟ್ರೆಕ್ ಆಟ. ಚಿತ್ರ ಗಿತ್ರ ಏನಿಲ್ಲ, ಕೀಲಿಮಣೆಯ ಗುರುತುಗಳನ್ನೇ ಜೋಡಿಸಿ ಆಕಾಶನೌಕೆ ಮಾಡಿರ್ತಿದ್ದರು. ಅಷ್ಟೇ ಕಥೆ. ಸಮಿತಿ ಇಲ್ಲ, ಸುತ್ತೋಲೆ ಇಲ್ಲ, ಕರಡು ಇಲ್ಲ.

ಆ ಹೆಸರು ಅಲ್ಲಿಂದ ಎಲ್ಲೆಲ್ಲಿಗೆ ಹೋಯ್ತು ನೋಡಿ. ರೂಬಿ ಭಾಷೆಗೆ ಹೋಯ್ತು. 2015ರ ಪಿಎಚ್‌ಪಿ 7ಕ್ಕೆ ಹೋಯ್ತು, ಅಲ್ಲಂತೂ ಭಾಷೆಯ ಒಳಗಡೆಯೇ ಈ ಗುರುತಿನ ಹೆಸರು ಟಿ_ಸ್ಪೇಸ್‌ಶಿಪ್. ಸಿ++ 2020ರಲ್ಲಿ ಸೇರಿಸಿಕೊಂಡಿತು. ಅದರ ಅಧಿಕೃತ ದಾಖಲೆಯಲ್ಲಿರೋದು "ಮೂರು ದಾರಿ ಹೋಲಿಕೆ" ಅನ್ನೋ ಅರ್ಥದ ಗಂಭೀರ ಹೆಸರು. ಬಳಸೋರು ಕರೆಯೋದು ಸ್ಪೇಸ್‌ಶಿಪ್ ಅಂತಲೇ. ಮೇಲಿನಿಂದ ಇಟ್ಟ ಹೆಸರು ಕಾಗದದಲ್ಲಿ ಉಳೀತು, ಕರೆದುಕೊಂಡ ಹೆಸರು ಬಾಯಲ್ಲಿ ಉಳೀತು. "ಹರಿಜನ" ಅನ್ನೋದನ್ನ ಬಿಟ್ಟು "ದಲಿತ" ಅಂತ ನಾವೇ ಕರೆದುಕೊಂಡವರು, ನಮಗಿದು ಹೊಸ ವಿಷಯವಲ್ಲ.

ಪಿಎಚ್‌ಪಿಯಲ್ಲಿ ಇದಕ್ಕಿಂತ ಮಜದ್ದು ಇನ್ನೊಂದಿದೆ. ಎರಡು ಕೋಲನ್ ಒಟ್ಟಿಗೆ ಬರೆಯೋ ಗುರುತಿಗೆ ಅದರ ಒಳಗಿನ ಹೆಸರು ಪಾಮಾಯಿಮ್ ನೆಕುಡೋತಾಯಿಮ್. ಹೀಬ್ರೂ ಅದು, ಅರ್ಥ ಜೋಡಿ ಕೋಲನ್. ಆ ಭಾಷೆಯ ಎಂಜಿನ್ ಬರೆದ ಝೀವ್ ಸುರಾಸ್ಕಿ, ಆಂಡಿ ಗುಟ್‌ಮನ್ಸ್ ಇಸ್ರೇಲಿನವರು, ತಮ್ಮ ಮನೆಮಾತಲ್ಲಿ ಹೆಸರಿಟ್ಟರು. ತಪ್ಪು ಸಂದೇಶದಲ್ಲಿ ಆ ಪದ ನೋಡಿ ಪ್ರಪಂಚದ ಪ್ರೋಗ್ರಾಮರುಗಳೆಲ್ಲ ವರ್ಷಗಟ್ಟಲೆ ತಲೆ ಕೆರೆದುಕೊಂಡರು. ಕೆರೆದುಕೊಳ್ಳಲಿ ಬಿಡಿ. ಇಂಗ್ಲಿಷ್ ನೋಡಿ ನಮ್ಮ ಹುಡುಗರು ಕೆರೆದುಕೊಂಡಿಲ್ವಾ?

ಇನ್ನು ಸಾರ್ಟ್ ಅನ್ನೋ ಪದ. ಅದರ ಬೇರು ಲ್ಯಾಟಿನ್ನಿನ ಸೋರ್ಸ್. ಚೀಟಿ ಎತ್ತಿದಾಗ ಪಾಲಿಗೆ ಬಂದದ್ದು, ನಮ್ಮ ಮಾತಲ್ಲಿ ಹಣೆಬರಹ. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬರೋ ಹೊತ್ತಿಗೆ ಅದಕ್ಕೆ ಬಗೆ, ಜಾತಿ ಅನ್ನೋ ಅರ್ಥ ಬಂದಿತ್ತು, ಯಾವ ಜಾತಿ ಮರ ಅಂತೀವಲ್ಲ ಹಾಗೆ. ಕೊನೆಗೆ ವಿಂಗಡಿಸೋದು ಅಂತಾಯ್ತು. ಹಣೆಬರಹ, ಜಾತಿ, ವಿಂಗಡಣೆ. ಈ ದಾರಿಯನ್ನ ನಮ್ಮೋರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆ ಎರಡು ಬಾಣಗಳ ನಡುವೆ ಕೂತಿರೋದು ಯಾರು ಅಂತಲೂ ನೋಡಬೇಕು. ಬಾಣಗಳು ಥಾಮಸ್ ಹ್ಯಾರಿಯಟ್ ಸತ್ತು ಹತ್ತು ವರ್ಷದ ಮೇಲೆ, 1631ರಲ್ಲಿ ಅಚ್ಚಾದ ಅವರ ಪುಸ್ತಕದಿಂದ ಬಂದವು. ಸಮ ಚಿಹ್ನೆ ಅದಕ್ಕಿಂತ ಹಳೇದು, 1557ರದು. ವೇಲ್ಸ್‌ನ ರಾಬರ್ಟ್ ರೆಕಾರ್ಡ್ ಒಂದೇ ಉದ್ದದ ಎರಡು ಗೆರೆ ಎಳೆದು, ಇವುಗಳಿಗಿಂತ ಸಮಾನವಾದ ಎರಡು ವಸ್ತು ಇನ್ನಿಲ್ಲ ಅನ್ನೋ ಕಾರಣ ಕೊಟ್ಟರು. ಹೆಚ್ಚು-ಕಮ್ಮಿ ಅನ್ನೋ ಗುರುತುಗಳಿಗಿಂತ ಸಮ ಅನ್ನೋದು ಮೊದಲು ಅಚ್ಚಾಯ್ತು ಅಂತ ಓದಿದಾಗ, ನಿಜ ಹೇಳ್ತೀನಿ, ಕುರ್ಚಿಯಿಂದ ಎದ್ದು ಒಂದು ಸುತ್ತು ನಡೆದು ಬಂದೆ.

ಕಲಿಯೋರಿಗೆ ಒಂದು ಎಚ್ಚರಿಕೆ. ಮೈಎಸ್‌ಕ್ಯೂಎಲ್‌ನಲ್ಲೂ ಇದೇ ಗುರುತು ಸಿಗುತ್ತೆ, ಅಲ್ಲಿ ಕೆಲಸವೇ ಬೇರೆ. ಎರಡೂ ಸಮವೋ ಅಲ್ಲವೋ ಅಂತ ಮಾತ್ರ ಹೇಳುತ್ತೆ, ಖಾಲಿ ಬಿಟ್ಟ ಜಾಗಗಳನ್ನೂ ಲೆಕ್ಕಕ್ಕೆ ತಗೊಂಡು. ರೂಪ ನೋಡಿ ಮೋಸ ಹೋಗಬೇಡಿ.

ಹುಡುಗರಿಗೆ ಇದನ್ನೆಲ್ಲ ಹೇಳಿದೆ. ಸ್ಟಾರ್ ಟ್ರೆಕ್ ಅವರು ಯಾರೂ ನೋಡಿಲ್ಲ, ನಾನೂ ನೋಡಿಲ್ಲ. ಒಬ್ಬ, ಅವನ ಅವ್ವ ಸಂತೆಯಲ್ಲಿ ತರಕಾರಿ ಮಾರ್ತಾರೆ, ಗುರುತನ್ನ ಸ್ವಲ್ಪ ಹೊತ್ತು ನೋಡಿ, "ಅಣ್ಣ, ಇದು ತಕ್ಕಡಿ ಅಲ್ವಾ? ಆ ಕಡೆ ತೂಕನೋ, ಈ ಕಡೆ ತೂಕನೋ, ಸಮನೋ" ಅಂದ. ಅವನ ನೋಟ್ಸಿನಲ್ಲಿ ಈಗ ತಕ್ಕಡಿ ಅಂತಲೇ ಇದೆ. ಪಕ್ಕದವನೂ ಹಾಗೇ ಬರಕೊಂಡಿದ್ದಾನೆ.