ನನ್ನ ದ್ವೀಪಯಾತ್ರೆ

ಸುತ್ತಲೂ ನೀರಿನಿಂದ ಆವೃತವಾದ ಭೂಭಾಗಕ್ಕೆ ದ್ವೀಪವೆಂದು ಹೆಸರು. ಈ ವಾಕ್ಯವನ್ನು ನಾನು ಐದನೆಯ ತರಗತಿಯಲ್ಲಿ ಬಾಯಿಪಾಠ ಮಾಡಿ ಬರೆದು, ಒಂದು ಅಂಕಕ್ಕೆ ಒಂದು ಅಂಕವನ್ನೂ ಪಡೆದಿದ್ದೆ. ಆ ಅಂಕ ನನಗೆ ಸಲ್ಲತಕ್ಕದ್ದಾಗಿರಲಿಲ್ಲವೆಂದು ತಿಳಿಯಲು ತೀರ್ಥಹಳ್ಳಿಯ ಕಡೆಯವನಾದ ನಾನು ಕೊಡೇಕಲ್ಲಿಗೆ ಬರಬೇಕಾಯಿತು. ಆ ಕಥೆಯನ್ನೇ ಇಲ್ಲಿ ಸ್ನೇಹಿತರ ಮತ್ತು ಗುರುಗಳ ಮುಂದಿಡುತ್ತಿದ್ದೇನೆ.

ಚಿಕ್ಕಂದಿನಿಂದಲೂ ನನಗೆ ದ್ವೀಪಗಳೆಂದರೆ ಒಂದು ಬಗೆಯ ಮೋಹ. ಅಂಡಮಾನ್, ಲಕ್ಷದ್ವೀಪಗಳ ಚಿತ್ರಗಳನ್ನು ಪತ್ರಿಕೆಗಳಿಂದ ಕತ್ತರಿಸಿ ಪುಸ್ತಕಕ್ಕೆ ಅಂಟಿಸುತ್ತಿದ್ದೆ. ಹೈಸ್ಕೂಲಿನ ಪ್ರವಾಸದಲ್ಲಿ ಮಲ್ಪೆಯಿಂದ ದೋಣಿಯೇರಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆವು. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದಿದ್ದನೆಂದು ಐತಿಹ್ಯ. ಕಂಬಗಳನ್ನು ಒತ್ತೊತ್ತಾಗಿ ನೆಟ್ಟಂತಿರುವ ಅಲ್ಲಿಯ ಶಿಲೆಗಳ ಮೇಲೆ ಕುಳಿತು, ಮುಂದೆ ಎಂದಾದರೂ ದ್ವೀಪವೊಂದರಲ್ಲಿ ಕೆಲವು ದಿನವಾದರೂ ಇರಬೇಕೆಂದು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದೆ. ದೇವರು ಅದನ್ನು ಕೇಳಿಸಿಕೊಂಡನೆಂದು ತೋರುತ್ತದೆ. ಆದರೆ ಸಮುದ್ರದ ಹೆಸರು ಹೇಳಲು ನಾನು ಮರೆತಿದ್ದೆ.

ನನ್ನ ತಂದೆಯವರಿಗೆ ನೀರಾವರಿಗೆ ಸಂಬಂಧಪಟ್ಟ ಕಚೇರಿಯೊಂದರಲ್ಲಿ ಗುಮಾಸ್ತಗಿರಿ. ಅವರಿಗೆ ನಾರಾಯಣಪುರದ ಕಡೆಗೆ ವರ್ಗವಾಯಿತು; ಬಾಡಿಗೆಗೆ ಮನೆ ಸಿಕ್ಕಿದ್ದು ಕೊಡೇಕಲ್ಲಿನಲ್ಲಿ. ನಾನು ಭೂಪಟ ತೆರೆದು ನೋಡಿದೆ. ಉತ್ತರ ಅಕ್ಷಾಂಶ ಹದಿನಾರರ ಆಸುಪಾಸು, ಶುದ್ಧ ಉಷ್ಣವಲಯ. ಉಷ್ಣವಲಯವೆಂದರೆ ಮಳೆ, ಹಸುರು, ಬಾಳೆ ಎಂದು ತಿಳಿದಿದ್ದ ನನಗೆ ಮೇ ತಿಂಗಳ ಮಧ್ಯಾಹ್ನ ಬಸ್ಸಿನಿಂದಿಳಿದಾಗ ಆ ಪದದ ಮೊದಲರ್ಧದ ಅರ್ಥ ಸ್ಪಷ್ಟವಾಯಿತು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ; ಇಲ್ಲಿ ಅದರ ಹತ್ತರಲ್ಲೊಂದು ಪಾಲು ಬಿದ್ದರೆ ಅದೇ ಸುಭಿಕ್ಷ. ಊರಿನ ಹೆಸರಿನಲ್ಲಿ ಕೊಡೆ ಇದೆಯಲ್ಲ ಎಂದು ನಾನು ಮಲೆನಾಡಿನಿಂದ ದೊಡ್ಡದೊಂದು ಕೊಡೆ ತಂದಿದ್ದೆ. ಅದನ್ನು ಬಿಸಿಲಿಗೆ ಹಿಡಿದೆನೇ ಹೊರತು ಮಳೆಗೆ ಹಿಡಿದದ್ದು ಕಡಮೆ.

ಹೊಸಬನ ಪಾಡು ಹೊಸಬನಿಗೇ ಗೊತ್ತು. ಗಂಜಿಯೂಟದ ಹೊಟ್ಟೆಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಒಗ್ಗಲು ಒಂದು ತಿಂಗಳು ಬೇಕಾಯಿತು. ಒಗ್ಗಿದ ಮೇಲೆ ಬಿಡಲು ಮನಸ್ಸಾಗಲಿಲ್ಲ. ನೆರೆಮನೆಯ ಹಿರಿಯರು ಕೊಡೇಕಲ್ ಬಸವಣ್ಣನವರ ಸ್ಥಾನಕ್ಕೆ ಕರೆದುಕೊಂಡು ಹೋದರು. ಹದಿನಾರನೆಯ ಶತಮಾನದ ಆ ಶರಣರ ಕಾಲಜ್ಞಾನದ ಮಾತುಗಳನ್ನು ಇಂದಿಗೂ ನಂಬುವವರಿದ್ದಾರೆ. ಹಿಂದೂಗಳೂ ಮುಸಲ್ಮಾನರೂ ಅಲ್ಲಿ ತಲೆಬಾಗುತ್ತಾರೆ. ಊರ ಸುತ್ತ ನಾನೆಣಿಸಿದ್ದಂತೆ ಬರಿಯ ಬೆಂಗಾಡೂ ಇರಲಿಲ್ಲ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಹೊಲಗಳಲ್ಲಿ ಎಷ್ಟೋ ಭತ್ತದ ಗದ್ದೆಗಳಾಗಿವೆ. ಆ ಹಸುರನ್ನು ಕಂಡಾಗ ನನಗೆ ಊರಿನ ನೆನಪಾಗುತ್ತಿತ್ತು. ಅದು ತಂದೆಯವರ ಕಚೇರಿಯ ನೀರೆಂದು ಸ್ವಲ್ಪ ಹೆಮ್ಮೆಯೂ ಆಗುತ್ತಿತ್ತು.

ಕಾಲೇಜು ಸೇರಿದ ಮೊದಲನೆಯ ವಾರದಲ್ಲೇ ಒಬ್ಬ ಗೆಳೆಯ ದೊರೆತ. ಅವನ ಇಷ್ಟದಂತೆ ಅವನ ಹೆಸರನ್ನೂ ಅವನ ಊರಿನ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಊರು ಯಾವುದೆಂದು ಕೇಳಿದ್ದಕ್ಕೆ, “ನಮ್ಮದು ಗಡ್ಡಿ” ಎಂದ. ನಾನು ಅದನ್ನು ನಮ್ಮ ಕಡೆಯ ಗದ್ದೆಯೆಂದು ತಿಳಿದು, “ಎಷ್ಟು ಎಕರೆ?” ಎಂದೆ. ಅವನು ನಕ್ಕೂ ನಕ್ಕೂ ಸುಸ್ತಾದ. ಗಡ್ಡಿಯೆಂದರೆ ನಡುಗಡ್ಡೆ, ಅವನ ಮನೆ ಕಕ್ಕೇರಾದಾಚೆ ಕೃಷ್ಣೆಯ ನಡುವೆ ಎಂದು ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೊಡೇಕಲ್ಲಿನ ಮಗ್ಗುಲಲ್ಲೇ ದ್ವೀಪ! ಅಂದೇ ಹೊರಡಲು ಸಿದ್ಧನಾದೆ.

ಹೋದದ್ದು ಮಾತ್ರ ಸಂಕ್ರಾಂತಿ ಕಳೆದ ಮೇಲೆ. ಮೊದಲು ಛಾಯಾಭಗವತಿಯ ದರ್ಶನ ಮಾಡಿ, ಅಲ್ಲಿಂದ ಹೊಳೆ ದಾಟಿ, ಲಿಂಗಸುಗೂರು ಸೀಮೆಗೆ ಸೇರಿದ ಜಲದುರ್ಗವನ್ನು ನೋಡಿದೆವು. ಕೃಷ್ಣೆ ಕವಲೊಡೆದು ಸುತ್ತುವರಿದ ಗುಡ್ಡದ ಮೇಲೆ ಹಳೆಯ ಕೋಟೆ. ಸುರಪುರದಲ್ಲಿ ಆಡಳಿತ ನಡೆಸಿದ್ದ ಮೆಡೋಸ್ ಟೇಲರ್ ಸಾಹೇಬರು ಚಾಂದಬೀಬಿಯ ಕುರಿತು ಬರೆದು 1878ರಲ್ಲಿ ಪ್ರಕಟವಾದ ಕಾದಂಬರಿಯಲ್ಲಿ ಈ ಕೋಟೆಯೂ ಬರುತ್ತದೆ. ಬಿದ್ದ ಗೋಡೆಯ ಮೇಲೆ ನಿಂತು ನಾನು ದೊಡ್ಡ ಯಾತ್ರಿಕನಂತೆ ನಾಲ್ಕು ಕಡೆಗೂ ನೋಡಿದೆ.

ಆದರೆ ಗೆಳೆಯನ ಗಡ್ಡಿ ನನಗೆ ನಿರಾಶೆಯನ್ನೇ ಉಂಟುಮಾಡಿತು. ಬಂಡೆಯಿಂದ ಬಂಡೆಗೆ ಕಾಲಿಡುತ್ತ, ಒಂದು ಕಡೆ ಮಾತ್ರ ಪಂಚೆ ಮೊಣಕಾಲಿಗೆತ್ತಿ, ನಡೆದೇ ಹೋಗಿಬಿಟ್ಟೆವು. ಕೆಲವು ಮನೆ, ಆಡಿನ ಹಟ್ಟಿ, ಸಜ್ಜೆ ಕೊಯ್ದ ಹೊಲ. “ಇದೇನು, ದ್ವೀಪವೇ ಅಲ್ಲವಲ್ಲ!” ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಕಟ್ಟೆಯ ಮೇಲೆ ಕುಳಿತಿದ್ದ ಗೆಳೆಯನ ಮುತ್ಯಾ ಬೇಸರಿಸಲಿಲ್ಲ. “ಈಗ ಬಂದೀರಿ ತಮ್ಮಾ. ಗಡ್ಡಿ ನೋಡಬೇಕಂದ್ರ ಹೊಳಿ ಬಂದಾಗ ಬರಬೇಕ್ರಿ” ಎಂದರು.

ಮನೆಯ ಜಂತಿಯಲ್ಲಿ ಒಣಗಿದ ದೊಡ್ಡ ದೊಡ್ಡ ಸೋರೆಬುರುಡೆಗಳನ್ನು ತೂಗುಬಿಟ್ಟಿದ್ದರು. ಬೀಜಕ್ಕೆಂದು ಇಟ್ಟಿದ್ದೀರಾ ಎಂದು ಆಯಿಯನ್ನು ಕೇಳಿದೆ. ಆಕೆ ಒಂದನ್ನು ಇಳಿಸಿ ನನ್ನ ಕೈಗೆ ಕೊಟ್ಟರು. ಗಾತ್ರ ಕೊಡದಷ್ಟು, ಭಾರ ಹಕ್ಕಿಯಷ್ಟು. ಅಲುಗಿಸಿದರೆ ಒಳಗೆ ಬೀಜಗಳ ಗಲಗಲ ಸದ್ದು. ಇವನ್ನು ಹಗ್ಗದಿಂದ ನಡುವಿಗೆ ಕಟ್ಟಿಕೊಂಡು ಹೊಳೆಗೆ ಬಿದ್ದರೆ ಮುಳುಗುವುದಿಲ್ಲವಂತೆ. ಹರಿಗೋಲು ಹಾಕಲಾಗದಷ್ಟು ನೀರು ಬಂದಾಗ ಇದೇ ಗತಿ. 2013ರ ಜುಲೈ ಕೊನೆಯಲ್ಲಿ ಇದೇ ಸೀಮೆಯ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬಳು, ಹೆರಿಗೆ ಆಸ್ಪತ್ರೆಯಲ್ಲೇ ಆಗಲೆಂದು, ಹೀಗೆ ಬುರುಡೆ ಕಟ್ಟಿಕೊಂಡು, ತಂದೆ ಮತ್ತು ಅಣ್ಣತಮ್ಮಂದಿರ ಜೊತೆ ತುಂಬಿದ ಕೃಷ್ಣೆಯನ್ನು ಈಜಿ ದಡ ಸೇರಿದಳು. ಆಗ ಪತ್ರಿಕೆಗಳು ಅವಳನ್ನು ಬಹಳ ಕೊಂಡಾಡಿದವು. ಆಯಿ ಅದನ್ನು ಹೇಳಿದ್ದು ಬೇರೆ ಬಗೆಯಾಗಿ: “ಪಾಪ, ಅಕಿಗಿ ಬ್ಯಾರೇ ಹಾದಿ ಇದ್ದಿಲ್ಲ.” ಬುರುಡೆಯನ್ನು ನಾನು ಮೆಲ್ಲನೆ ಅವರ ಕೈಗೆ ಹಿಂತಿರುಗಿಸಿದೆ.

ಎರಡನೆಯ ಬಾರಿ ಹೋದದ್ದು ಆಷಾಢದಲ್ಲಿ. ನಮ್ಮ ಮಲೆನಾಡಿನಲ್ಲಿ ಮಳೆ ಬಂದರೆ ಹೊಳೆ ಬರುತ್ತದೆ; ನಾಯಿಮರಿಗೂ ತಿಳಿಯುವ ವಿಷಯ. ಇಲ್ಲಿ ಆಕಾಶ ಬೋಳಾಗಿರುವಾಗಲೂ ಹೊಳೆ ಬರುತ್ತದೆ. ಮಳೆ ಬೀಳುವುದು ದೂರದ ಮಹಾಬಳೇಶ್ವರದ, ಕೊಯ್ನೆಯ ಘಟ್ಟಗಳಲ್ಲಿ. ಆ ನೀರು ಆಲಮಟ್ಟಿಗೆ ಬಂದು, ಅಲ್ಲಿಂದ ನಾರಾಯಣಪುರಕ್ಕೆ ಬರುತ್ತದೆ. ಬಸವಸಾಗರದ ಪೂರ್ಣಮಟ್ಟ 492.25 ಮೀಟರು. ಜಲಾಶಯ ತುಂಬಿರುವಾಗ ಮೇಲಿನಿಂದ ಬಂದಷ್ಟು ನೀರನ್ನು ಕೆಳಕ್ಕೆ ಬಿಡಲೇಬೇಕು. ಬಿಡದಿದ್ದರೆ ಅಣೆಕಟ್ಟಿಗೇ ಅಪಾಯ. ಇದರಲ್ಲಿ ಯಾರ ತಪ್ಪೂ ಇಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಹೀಗೆ ಬಿಟ್ಟದ್ದು ಆರು ಲಕ್ಷ ಕ್ಯೂಸೆಕ್ಸನ್ನು ಮೀರಿತ್ತು. ಒಂದು ಕ್ಯೂಸೆಕ್ಸೆಂದರೆ ಸೆಕೆಂಡಿಗೆ ಇಪ್ಪತ್ತೆಂಟು ಲೀಟರಿಗೆ ಸ್ವಲ್ಪ ಮೇಲು. ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದೂ ಮುಕ್ಕಾಲು ಕೋಟಿ ಲೀಟರಿನ ಹತ್ತಿರ ಹತ್ತಿರ. ಹೆಚ್ಚು ನೀರು ಬಿಟ್ಟಾಗಲೆಲ್ಲ ಕೆಳಗಿನ ಶೀಲಹಳ್ಳಿಯ ಸೇತುವೆ ಮುಳುಗಿ, ಆ ಕಡೆಯ ಊರುಗಳಿಗೆ ದಾರಿ ಕಡಿಯುತ್ತದೆ.

ನೀರು ಹೆಚ್ಚುವ ಸುದ್ದಿ ಆಗಲೇ ಇತ್ತು. ಗೆಳೆಯ ಆಯಿಗೆ ಔಷಧಿ ಮುಟ್ಟಿಸಲು ಹೊರಟಿದ್ದ. ಪರೀಕ್ಷೆಗೆ ನಾಲ್ಕೇ ದಿನವಿತ್ತು. ನಾನೂ ಬೆನ್ನುಹತ್ತಿದೆ. ಹರಿಗೋಲಿನಲ್ಲಿ ಕುಳಿತಾಗ ಮೊದಲು ಹುರುಪು. ಬಿದಿರಿನ ಬುಟ್ಟಿ ಒಂದು ಸುತ್ತು ತಿರುಗಿದೊಡನೆ ಹುರುಪು ಇಳಿಯಿತು. 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಪಾಯೆಸನು ಆನೆಗೊಂದಿಯಲ್ಲಿ ಕಂಡ, ಚರ್ಮ ಹೊದಿಸಿದ ಬುಟ್ಟಿದೋಣಿಯೂ ಇದೇ ಜಾತಿಯದು. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಬಂದಿದೆ. ಎದೆಯ ಡವಡವ ಮಾತ್ರ ಬದಲಾಗಿರಲಾರದು.

ಮನೆಯಲ್ಲಿ ಆಯಿ ಹಿಟ್ಟು, ಉಪ್ಪು, ಬೆಂಕಿಪೆಟ್ಟಿಗೆ, ಸೀಮೆಎಣ್ಣೆಗಳನ್ನು ಎಣಿಸಿ ಇಡುತ್ತಿದ್ದರು. ರಕ್ತದೊತ್ತಡದ ಗುಳಿಗೆ ದಿನಕ್ಕೊಂದು. ಅಂಗಡಿಯಲ್ಲಿ ಅಂದು ಸಿಕ್ಕಿದ್ದು ಒಂಬತ್ತೇ. ಇಬ್ಬರೂ ಹೊರಗೆ ಬನ್ನಿರೆಂದು ಗೆಳೆಯ ಎಷ್ಟು ಹೇಳಿದರೂ ಮುತ್ಯಾ ಒಪ್ಪಲಿಲ್ಲ. ಆಡುಗಳನ್ನು ಯಾರು ನೋಡಬೇಕು? ಅಷ್ಟರಲ್ಲಿ ನನ್ನ ತಂದೆಯ ಉದ್ಯೋಗದ ವಿಷಯ ಬಂತು. “ನಿಮ್ಮ ಅಪ್ಪಾರು ನೀರ ಬಿಡೋರೇನ್ರಿ?” ಎಂದು ಮುತ್ಯಾ ಕೇಳಿದರು. ನನ್ನ ಮುಖ ಕೆಂಪಾಯಿತು. “ಇಲ್ಲ, ಅವರು ಲೆಕ್ಕ ಬರೆಯುವವರು ಅಷ್ಟೆ” ಎಂದೆ. ಅವರ ಮಾತಿನಲ್ಲಿ ಕೋಪವಾಗಲಿ ವ್ಯಂಗ್ಯವಾಗಲಿ ಇರಲಿಲ್ಲ. “ಹಂಗಾರ ಒಂದೀಟು ಮೊದಲ ಹೇಳಾಕ ಹೇಳ್ರಿ. ಹೊಳಿ ಬರೋದು ಬಿಡಂಗಿಲ್ಲ. ಒಂದ ದಿನ ಮೊದಲ ಗೊತ್ತಾದ್ರ ಪಂಪಸೆಟ್ಟರ ಮ್ಯಾಲ ತರತೀವಿ” ಎಂದರು.

ಅಲ್ಲಿಯೇ ಉಳಿದು ದ್ವೀಪವಾಸದ ಸುಖ ಕಾಣಬೇಕೆಂಬ ಆಸೆ ನನ್ನಲ್ಲಿ ಇನ್ನೂ ಚೂರು ಉಳಿದಿತ್ತು. ಆಯಿ ಅದಕ್ಕೆ ಎಡೆಗೊಡಲಿಲ್ಲ. ಬಿಸಿಲಿಳಿಯುವ ಮೊದಲೇ ನಮ್ಮಿಬ್ಬರನ್ನೂ ಹರಿಗೋಲಿಗೆ ಹತ್ತಿಸಿದರು. ಮೊಮ್ಮಗ ಹಿಂದೆ ಮುಂದೆ ನೋಡಿದಾಗ, “ಪರೀಕ್ಷಾ ಬರದ ಬಾ. ನಾವೇನು ಹೊಳಿ ಹೊಸದಾಗಿ ನೋಡಾಕತ್ತೀವೇನು?” ಎಂದು ಗದರಿಸಿದರು. ದಡ ಮುಟ್ಟಿ ಹಿಂದಿರುಗಿ ನೋಡಿದಾಗ, ಸಂಕ್ರಾಂತಿಯಲ್ಲಿ ನಾನು ಕಾಲಿಟ್ಟು ನಡೆದಿದ್ದ ಬಂಡೆಗಳಲ್ಲಿ ಒಂದೂ ಕಾಣಲಿಲ್ಲ.

ಗೆಳೆಯ ನಮ್ಮ ಮನೆಯಲ್ಲೇ ಉಳಿದ. ಮೂರನೆಯ ದಿನ ಗಡ್ಡಿಯ ವಿದ್ಯುತ್ತು ಹೋಯಿತು; ಐದನೆಯ ದಿನ ಮುತ್ಯಾರ ಮೊಬೈಲು ಮೌನವಾಯಿತು. ಅವನು ಪರೀಕ್ಷೆ ಬರೆದು ಬಂದು ಹೊಳೆಯ ದಂಡೆಗೆ ಹೋಗುತ್ತಿದ್ದ. ಕತ್ತಲಾದ ಮೇಲೆ ಗಡ್ಡಿಯಲ್ಲಿ ಬುಡ್ಡಿಯ ಬೆಳಕು ಕಂಡರೆ ಬಂದು ಊಟ ಮಾಡುತ್ತಿದ್ದ, ಕಾಣದಿದ್ದರೆ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಿದ್ದ. ಒಂಬತ್ತನೆಯ ದಿನ ಕಳೆಯಿತು. ಅವನು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ, ಇಬ್ಬರೂ ಗುಳಿಗೆಯನ್ನೇ ಎಣಿಸುತ್ತಿದ್ದೆವು.

ಮುತ್ಯಾ ಹೇಳಿದ್ದನ್ನು ನಾನು ತಂದೆಯವರಿಗೆ ಮೊದಲ ದಿನವೇ ಹೇಳಿದ್ದೆ. “ಡಂಗುರ ಹೊಡೆಸುತ್ತಾರಲ್ಲ, ಮೈಕಿನಲ್ಲಿಯೂ ಹೇಳುತ್ತಾರಲ್ಲ” ಎಂದು ಅವರು ಮೊದಲು ಕಚೇರಿಯ ದನಿಯಲ್ಲೇ ಅಂದರು. ಅನಂತರ ಏನೂ ಅನ್ನಲಿಲ್ಲ. ಆದರೆ ಆ ರಾತ್ರಿಯಿಂದ ಅವರು ಮನೆಗೆ ಬಂದೊಡನೆ ಕಾಲು ತೊಳೆಯುವುದಕ್ಕೂ ಮುಂಚೆ ಗೆಳೆಯನ ಮುಂದೆ ನಿಂತು, “ಒಳಹರಿವು ಇಷ್ಟು, ಹೊರಹರಿವು ಇಷ್ಟು” ಎಂದು ಹೇಳತೊಡಗಿದರು. ಇಪ್ಪತ್ತು ವರ್ಷ ಅಂಕಿ ಬರೆದ ನನ್ನ ತಂದೆ ಒಬ್ಬ ಮನುಷ್ಯನಿಗಾಗಿ ಅಂಕಿ ಓದಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಹದಿಮೂರನೆಯ ದಿನ ಹೊಳೆ ಇಳಿಯಿತು. ಹದಿನಾಲ್ಕರಂದು ಹರಿಗೋಲು ಹಾಕಿದರು. ಆಯಿ ಅಂಗಳ ಗುಡಿಸುತ್ತಿದ್ದರು. ಗೆಳೆಯ ಮಾತಿಲ್ಲದೆ ಹೊಸ ಗುಳಿಗೆಯ ಚೀಟಿಯನ್ನು ಮುಂದೆ ಹಿಡಿದ. ಆಕೆ ಒಳಗಿನಿಂದ ಹಳೆಯದನ್ನು ತಂದು ತೋರಿಸಿದರು. ಅದರಲ್ಲಿ ಇನ್ನೂ ಎರಡು ಉಳಿದಿದ್ದವು! ನಾವು ಹರಿಗೋಲು ಹತ್ತಿದ ದಿನದಿಂದಲೇ ಆಕೆ ಗುಳಿಗೆಯನ್ನು ಅರ್ಧರ್ಧ ಮುರಿದು ನುಂಗಿದ್ದರು. ಇದು ವೈದ್ಯರು ಒಪ್ಪುವ ಉಪಾಯವಲ್ಲ. ಆಕೆಯ ಮುಖವೂ ಊದಿಕೊಂಡಿತ್ತು. “ಹೊಳಿ ಯಾವಾಗ ಇಳಿತದ ಅಂತ ಯಾರಿಗಿ ಗೊತ್ತಿರತದಪ್ಪಾ” ಎಂದಷ್ಟೇ ಹೇಳಿ, ನಮಗೆ ರೊಟ್ಟಿ ಬಡಿಯಲು ಕುಳಿತರು.

ಐದನೆಯ ತರಗತಿಯ ಆ ಒಂದು ಅಂಕವನ್ನು ನಾನು ಈಗ ಹಿಂತಿರುಗಿಸುತ್ತಿದ್ದೇನೆ. ಸುತ್ತಲೂ ನೀರಿದ್ದರೆ ದ್ವೀಪವೆಂಬುದು ದಡದಲ್ಲಿ ನಿಂತವನು ಬರೆದ ಉತ್ತರ. ಗಡ್ಡಿಯವರಿಗೆ ಅದು ಜಾಗದ ಹೆಸರಲ್ಲ, ವರ್ಷದಲ್ಲಿ ಕೆಲವು ದಿನಗಳ ಹೆಸರು. ಆ ದಿನಗಳನ್ನು ಅವರು ಗುಳಿಗೆಯಲ್ಲಿ, ಸೀಮೆಎಣ್ಣೆಯಲ್ಲಿ, ಬೆಂಕಿಕಡ್ಡಿಯಲ್ಲಿ ಎಣಿಸುತ್ತಾರೆ. ನಮ್ಮ ಗದ್ದೆ ಹಸುರಾಗುವುದೂ ಅವರ ದಾರಿ ಮುಳುಗುವುದೂ ಒಂದೇ ಹೊಳೆಯಿಂದ. ನನ್ನೂರ ತುಂಗೆ ಕೂಡ ಮುಂದೆ ಭದ್ರೆಯೊಡನೆ ಹರಿದು ಇದೇ ಕೃಷ್ಣೆಯನ್ನು ಸೇರುತ್ತಾಳೆಂದು ಭೂಪಟದಲ್ಲಿ ಕಂಡಾಗ, ನಾನು ಇಲ್ಲಿಗೆ ಅಷ್ಟೇನೂ ಹೊಸಬನಲ್ಲವೆನಿಸಿತು.

ಕೊನೆಗೆ ಗುರುಗಳಲ್ಲಿ ಒಂದು ಬಿನ್ನಹ. ಆಷಾಢ ಶ್ರಾವಣಗಳಲ್ಲಿ ಹಾಜರಿ ಕೂಗುವಾಗ ಗಡ್ಡಿಯ ಹುಡುಗನೊಬ್ಬನ ಹೆಸರಿಗೆ ಉತ್ತರ ಬಾರದಿದ್ದರೆ, ಲೇಖನಿಯನ್ನು ಒಂದು ಕ್ಷಣ ತಡೆದು, ಇಂದು ಹೊಳೆ ಎಷ್ಟು ಬಂದಿದೆಯೆಂದು ತರಗತಿಯನ್ನು ಕೇಳಬೇಕು. ಉತ್ತರ ನಾನು ಹೇಳುತ್ತೇನೆ. ನಮ್ಮ ಮನೆಗೆ ಆ ಲೆಕ್ಕ ಈಗಲೂ ರಾತ್ರಿ ಊಟಕ್ಕೆ ಮುಂಚೆಯೇ ಬರುತ್ತದೆ.